ಮಗಳಿಗೊಂದು ಪತ್ರ: ಮುಖವೇ ಸಾಕ್ಷಿಯಾದ ಕಥೆಯಲ್ಲಿ ಮುಖವೇ ತಪ್ಪಿದರೆ

ಪ್ರೀತಿಯ ಪುಟ್ಟಿ,

‘ಹಿಗುರಾಶಿ ನೊ ನಾಕು ಕೊರೊ ನಿ’ ಅನ್ನುವ ಜಪಾನಿ ಅನಿಮೇಷನ್ ಸರಣಿಯ ಬಗ್ಗೆ ನೀನು ಬರೆದ ವಿಮರ್ಶೆ ಓದಿದೆ. ಕಥೆ ಅದ್ಭುತ, ಅನಿಮೇಷನ್ ಸಪ್ಪೆ, ಅದಕ್ಕೆ 9 ಇದಕ್ಕೆ 4 ಅಂತ ಮುಗಿಸಿದ್ದೀಯ. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚಿತ್ರ ಎಲ್ಲಿ ಕೈಕೊಟ್ಟಿತು, ಕೈಕೊಟ್ಟಾಗ ಕಥೆಗೆ ಏನಾಯಿತು ಅನ್ನುವುದು ನಿನ್ನ ಬರಹದಲ್ಲಿ ಒಂದು ಸಾಲೂ ಇಲ್ಲ. ಓದುವವರಿಗೆ ಬೇಕಿರುವುದು ಅದೇ.

ಮೊದಲು ಇದು ಏನು, ಎಲ್ಲಿಂದ ಬಂತು ಅನ್ನುವುದನ್ನು ಎರಡು ಮೂರು ಸಾಲಲ್ಲಿ ಹೇಳಿಬಿಡು. ಸ್ಟುಡಿಯೋ ಡೀನ್ ಮಾಡಿದ ಸರಣಿ, ನಿರ್ದೇಶಕಿ ಚಿಯಾಕಿ ಕೋನ್. ಮೊದಲ ಸೀಸನ್ 2006ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 26 ಕಂತು, ಎರಡನೆಯದು ‘ಕಾಯ್’, 2007ರ ಜುಲೈನಿಂದ ಡಿಸೆಂಬರ್‌ವರೆಗೆ 24 ಕಂತು. ಮೂಲ ರ್ಯೂಕಿಶಿ07 ಅನ್ನುವ ಹೆಸರಿನ ಲೇಖಕರದು. ಕಂಪ್ಯೂಟರ್ ಪರದೆಯ ಮೇಲೆ ಸದ್ದು, ಸಂಗೀತದ ಜೊತೆ ಓದುವ ಕಾದಂಬರಿ, ‘ಸೌಂಡ್ ನಾವೆಲ್’. 2002ರಿಂದ 2006ರವರೆಗೆ ಎಂಟು ಅಧ್ಯಾಯ, ಹವ್ಯಾಸಿಗಳು ತಮ್ಮ ಕೃತಿಗಳನ್ನು ತಾವೇ ಮಾರುವ ಟೋಕಿಯೋದ ಕಾಮಿಕೆಟ್ ಸಂತೆಯಲ್ಲಿ ಬಿಡುಗಡೆಯಾಗಿದ್ದು. ಆ ಮೂಲದಲ್ಲೂ ಚಿತ್ರ ಹವ್ಯಾಸಿಯದೇ. ಪಾತ್ರಗಳ ಕೈಗಳು ದಪ್ಪ ಗವಸು ತೊಟ್ಟ ಹಾಗೆ, ಹಿನ್ನೆಲೆಗೆ ಸ್ವಲ್ಪ ಬದಲಾಯಿಸಿದ ಫೋಟೋಗಳು. ಓದುಗ ಆಯ್ಕೆ ಮಾಡಿ ಕಥೆ ತಿರುಗಿಸುವ ವ್ಯವಸ್ಥೆಯೂ ಅದರಲ್ಲಿಲ್ಲ. ಬರೀ ಕಥೆಯ ಬಲದಿಂದ ಗೆದ್ದ ಕೃತಿ ಅದು. ಹಾಗಾದರೆ ದುರ್ಬಲ ಚಿತ್ರ ಅಲ್ಲಿ ಕಾಡದೆ ಇಲ್ಲಿ ಯಾಕೆ ಕಾಡುತ್ತದೆ? ನಿನ್ನ ವಿಮರ್ಶೆ ಈ ಪ್ರಶ್ನೆಯಿಂದ ಶುರುವಾದರೆ ಚೆನ್ನ.

ನನ್ನ ಉತ್ತರ ಇದು. ಅಲುಗಾಡದ ಚಿತ್ರದ ಪಕ್ಕದಲ್ಲಿ ಅಕ್ಷರ ಇದ್ದಾಗ ಮುಖಭಾವವನ್ನು ಓದುಗನೇ ತುಂಬಿಕೊಳ್ಳುತ್ತಾನೆ. ಅನಿಮೇಷನ್‌ನಲ್ಲಿ ಆ ಕೆಲಸ ಚಿತ್ರಕಾರರ ಮೇಲೆ ಬೀಳುತ್ತದೆ. ಈ ಕಥೆಯಲ್ಲಂತೂ ಮುಖವೇ ಸಾಕ್ಷಿ. 1983ರ ಜೂನ್, ಹಿನಾಮಿಜಾವಾ ಎಂಬ ಬೆಟ್ಟದೂರು. ಊರಿಗೆ ಹೊಸದಾಗಿ ಬಂದ ಹುಡುಗ ಕೇಯಿಚಿ. ಪ್ರತಿ ವರ್ಷ ‘ವಾತಾನಾಗಾಶಿ’ ಜಾತ್ರೆಯ ಹೊತ್ತಿಗೆ (ಹಾಸಿಗೆಯ ಹತ್ತಿಯನ್ನು ಕಿತ್ತು ಹೊಳೆಯಲ್ಲಿ ತೇಲಿಬಿಡುವ ಹಬ್ಬ) ಒಬ್ಬರು ಸಾಯುತ್ತಾರೆ, ಒಬ್ಬರು ಕಾಣೆಯಾಗುತ್ತಾರೆ. ಊರ ದೇವರು ಓಯಾಶಿರೊ-ಸಾಮಾನ ಶಾಪ ಅಂತ ಕೆಲವರು, ಮನುಷ್ಯರದೇ ಕೈವಾಡ ಅಂತ ಕೆಲವರು. ಕೇಯಿಚಿಗೆ ಗೆಳತಿಯರ ಮೇಲೆ ಅನುಮಾನ ಹುಟ್ಟುತ್ತದೆ. ಅವನ ಜೊತೆ ನಾವೂ ಅವರ ಮುಖ ನೋಡುತ್ತೇವೆ: ಈ ನಗು ನಿಜವೋ, ಈ ಕಣ್ಣು ಈಗ ಬದಲಾಯಿತೋ? ಚಿತ್ರಕಾರನ ಕೈತಪ್ಪಿಗೇ ಕಣ್ಣಿನ ಜಾಗ ಶಾಟಿನಿಂದ ಶಾಟಿಗೆ ಸರಿಯುತ್ತಿದ್ದರೆ, ಕಥೆ ಬೇಕಂತಲೇ ತಂದ ಬದಲಾವಣೆ ಯಾವುದು, ತಪ್ಪಿಗೆ ಆದ ಬದಲಾವಣೆ ಯಾವುದು ಅಂತ ನೋಡುಗನಿಗೆ ಗೊತ್ತಾಗುವುದಿಲ್ಲ. ಸಾಕ್ಷಿಯ ಹೇಳಿಕೆಯಲ್ಲಿ ಟೈಪಿಂಗ್ ತಪ್ಪು ಸೇರಿಕೊಂಡ ಹಾಗೆ. ‘ಅನಿಮೇಷನ್ ಸಪ್ಪೆ’ ಅನ್ನುವುದರ ನಿಜವಾದ ನಷ್ಟ ಇದು, ಇದನ್ನು ಬಿಡಿಸಿ ಬರೆ.

‘ಅನಿಮೇಷನ್’ ಅನ್ನುವ ಒಂದೇ ಪದದಲ್ಲಿ ನೀನು ನಾಲ್ಕೈದು ಕೆಲಸಗಳನ್ನು ತುರುಕಿದ್ದೀಯ. ಪಾತ್ರ ವಿನ್ಯಾಸ ಬೇರೆ, ಅದನ್ನು ಪ್ರತಿ ಶಾಟಿನಲ್ಲಿ ಸರಿಯಾಗಿ ಬಿಡಿಸುವುದು ಬೇರೆ, ಚಲನೆ ಬೇರೆ, ಕ್ಯಾಮೆರಾ ಎಲ್ಲಿಡಬೇಕು ಅನ್ನುವ ಲೆಕ್ಕ ಬೇರೆ. ದುಂಡು ಮುಖ, ದೊಡ್ಡ ಕಣ್ಣು, ಮಕ್ಕಳ ಗೊಂಬೆಯಂಥ ಪಾತ್ರಗಳು ಕ್ಯೂತಾ ಸಾಕಾಯ್ ಅವರ ವಿನ್ಯಾಸ, ಅದು ಆಯ್ಕೆ. ಅಂಥ ಮುಖ ಒಮ್ಮೆಲೇ ಕಠಿಣವಾದಾಗ ಹುಟ್ಟುವ ಭಯಕ್ಕೆ ಆ ಮುದ್ದುತನವೇ ಬಂಡವಾಳ, ಅದನ್ನು ದೋಷದ ಪಟ್ಟಿಗೆ ಸೇರಿಸಬೇಡ. ದೋಷ ಎರಡನೆಯ, ಮೂರನೆಯ ಕೆಲಸದಲ್ಲಿದೆ. ದೂರದ ಶಾಟಿನಲ್ಲಿ ಮುಖ ಕರಗಿಹೋಗುವುದು, ಗದ್ದದ ಉದ್ದ ಬದಲಾಗುವುದು, ಓಟ ಮತ್ತು ಹೊಡೆದಾಟ ಮರಗಟ್ಟಿದ ಹಾಗೆ ಇರುವುದು. ಮೊದಲ ಸೀಸನ್ನಿನ ಕೊನೆಯಲ್ಲಿ ಶಾಲೆಯ ಚಾವಣಿ ಮೇಲೆ ನಡೆಯುವ ಹಣಾಹಣಿ, ‘ಕಾಯ್’ ಕೊನೆಯ ಭಾಗದ ಕಾಡಿನ ಕಾದಾಟ, ಇವೆರಡರಲ್ಲೂ ಚಲನೆ ಕಥೆಯ ಭಾರ ಹೊರಲಾರದೆ ಕುಸಿಯುತ್ತದೆ. ಇಬ್ಬರು ಕೂತು ಮಾತಾಡುವ ದೃಶ್ಯಗಳಲ್ಲಿ ಅಷ್ಟು ಬಾಧೆ ಇಲ್ಲ.

ಚಲನೆ ‘ಕಮ್ಮಿ’ ಅಂತ ಬರೆಯುವ ಮುಂಚೆ ಎಣಿಸು. ಕಂಪ್ಯೂಟರಿನ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ದೃಶ್ಯ ನಿಲ್ಲಿಸಿ ‘ಇ’ (E) ಕೀ ಒತ್ತಿದರೆ ಒಂದೊಂದೇ ಫ್ರೇಮ್, ಅಂದರೆ ವಿಡಿಯೋದ ಒಂದೊಂದೇ ಬಿಡಿ ಚಿತ್ರ, ಮುಂದೆ ಹೋಗುತ್ತದೆ. ಒಂದು ಸೆಕೆಂಡಿಗೆ 24 ಫ್ರೇಮ್. 24 ಸಲ ಒತ್ತು, ಪಾತ್ರದ ಚಿತ್ರ ಎಷ್ಟು ಸಲ ಬದಲಾಯಿತು ಅಂತ ಬರೆದುಕೋ. 12 ಸಲ ಆದರೆ ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಂತಿದೆ, 8 ಸಲ ಆದರೆ ಮೂರು ಮೂರು. ಟೀವಿ ಅನಿಮೆಯಲ್ಲಿ (ಜಪಾನಿ ಅನಿಮೇಷನ್‌ನಲ್ಲಿ) 8 ಸಾಮಾನ್ಯ, ಅದೇ ತಪ್ಪೂ ಅಲ್ಲ. ಇಲ್ಲಿ ಒಂದು ಕಡೆ ಎಡವುತ್ತಾರೆ: ಕ್ಯಾಮೆರಾ ಸರಿಯುತ್ತಿದ್ದರೆ ಹಿನ್ನೆಲೆ ಪ್ರತಿ ಫ್ರೇಮಿಗೂ ಬದಲಾಗುತ್ತದೆ, ಅದನ್ನು ಎಣಿಕೆಗೆ ಸೇರಿಸಿಬಿಡುತ್ತಾರೆ. ಪಾತ್ರದ ಗೆರೆ ಬದಲಾದದ್ದನ್ನು ಮಾತ್ರ ಎಣಿಸು. ಮಾತಿನ ದೃಶ್ಯದಲ್ಲಿ ತುಟಿಗೆ ಸಾಮಾನ್ಯವಾಗಿ ಮೂರೇ ಚಿತ್ರ ಇರುತ್ತವೆ (ಮುಚ್ಚಿದ, ಅರೆ ತೆರೆದ, ತೆರೆದ ಬಾಯಿ), ಉಳಿದದ್ದೆಲ್ಲ ನಿಶ್ಚಲ. ಅದು ಎಲ್ಲರೂ ಬಳಸುವ ಉಳಿತಾಯ, ಇವರೊಬ್ಬರ ತಲೆಗೆ ಕಟ್ಟಬೇಡ. ಇನ್ನೊಂದು: ಸಾಫ್ಟ್‌ವೇರಿನಿಂದ ನಡುವೆ ಫ್ರೇಮ್ ತುಂಬಿ 60ಕ್ಕೆ ಏರಿಸಿದ ತುಣುಕುಗಳು ಎಲ್ಲೆಲ್ಲೂ ಓಡಾಡುತ್ತಿವೆ, ಅವನ್ನು ನೋಡಿ ಚಲನೆಯ ಬಗ್ಗೆ ಒಂದಕ್ಷರವೂ ಬರೆಯಬೇಡ. ಚಿತ್ರ ಚೌಕ ಚೌಕವಾಗಿ ಒಡೆದರೆ ಅದು ನೆಟ್‌ವರ್ಕಿನ ಅಥವಾ ಕಂಪ್ರೆಷನ್‌ನ ಸಮಸ್ಯೆ, ಬಿಡಿಸಿದವರದಲ್ಲ.

‘ಬಜೆಟ್ ಇರಲಿಲ್ಲ’ ಅಂತ ಬರೆದಿದ್ದೀಯಲ್ಲ, ಆ ಸಾಲು ತೆಗೆದುಬಿಡು. ಅವರ ಲೆಕ್ಕಪುಸ್ತಕ ನೀನು ನೋಡಿಲ್ಲ. ಟೀವಿ ಅನಿಮೆಯ ಕೆಲಸ ಹೇಗೆ ಸಾಗುತ್ತದೆ ಅನ್ನುವುದನ್ನು ಹೇಳಬಹುದು. ಮೊದಲು ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರ), ಆಮೇಲೆ ಪ್ರತಿ ಶಾಟಿನ ಲೇಔಟ್ (ಯಾರು, ಯಾವುದು ಎಲ್ಲಿ ಅನ್ನುವ ನಕ್ಷೆ), ಆಮೇಲೆ ಚಲನೆಯ ಮುಖ್ಯ ಚಿತ್ರಗಳು. ಈ ಹಂತದಲ್ಲಿ ಬೇರೆ ಬೇರೆ ಕೈಗಳು ಬಿಡಿಸಿದ್ದನ್ನು ಒಂದೇ ಮುಖಕ್ಕೆ ತರಲು ‘ಸಕುಗಾ ಕಾಂತೊಕು’ ಅನ್ನುವ ಮೇಲ್ವಿಚಾರಕ ಬಣ್ಣದ ತೆಳು ಹಾಳೆ ಇಟ್ಟು ಮೇಲಿಂದ ತಿದ್ದುತ್ತಾನೆ. ಆಮೇಲೆ ನಡುವಿನ ಚಿತ್ರ, ಬಣ್ಣ, ಕೊನೆಗೆ ಎಲ್ಲ ಜೋಡಿಸುವುದು. ಒಂದು ಕಂತಿನಲ್ಲಿ ಸುಮಾರು 300 ಶಾಟ್. ವಾರಕ್ಕೊಂದು ಕಂತು ಹೋಗಲೇಬೇಕು. ಸಮಯ ಸಾಲದಾದಾಗ ಆ ತಿದ್ದುವ ಹಂತವೇ ಮೊದಲು ಸೊರಗುತ್ತದೆ. ಹತ್ತಿರದ ಮುಖಗಳಿಗೆ ತಿದ್ದುಪಡಿ ಸಿಗುತ್ತದೆ, ದೂರದ ಸಣ್ಣ ಮುಖಗಳು ಹಾಗೇ ಹೋಗುತ್ತವೆ. ನೀನು ಪರದೆಯ ಮೇಲೆ ಕಂಡ ಕುರುಹು ಇದಕ್ಕೆ ಹೊಂದುತ್ತದೆ ಅಂತ ಬರೆ, ಅಷ್ಟು ಸಾಕು. ಬಿಡಿಸಿದವರಿಗೆ ಬರುವುದಿಲ್ಲ ಅನ್ನುವ ಧಾಟಿ ಮಾತ್ರ ಬೇಡ.

ಈಗ ಕಥೆಯ ಕಡೆ ಬಾ. ‘ಕಥೆ ಅದ್ಭುತ’ ಅನ್ನುವುದಕ್ಕೂ ಪುರಾವೆ ಬೇಕು. ಇದರ ನಿಜವಾದ ಜಾಣ್ಮೆ ಜೋಡಣೆಯಲ್ಲಿದೆ. ಮೊದಲ ನಾಲ್ಕು ಕಂತು ಒಂದು ದುರಂತಕ್ಕೆ ಮುಗಿಯುತ್ತವೆ. ಐದನೆಯ ಕಂತಿಗೆ ಮತ್ತೆ ಅದೇ 1983ರ ಜೂನ್, ಏನೂ ಆಗಿಲ್ಲವೆಂಬಂತೆ. ಇದನ್ನು ನೀನು ಮುಂಚೆಯೇ ಹೇಳದಿದ್ದರೆ ಅರ್ಧ ಜನ ಕಂತು ತಪ್ಪಿತೆಂದು ಬಿಟ್ಟುಬಿಡುತ್ತಾರೆ. ಯಾಕೆ ಹೀಗೆ ಅನ್ನುವುದನ್ನು ಮಾತ್ರ ಬಾಯಿ ಬಿಡಬೇಡ. ಮೊದಲ ನಾಲ್ಕು ಅಧ್ಯಾಯ ಪ್ರಶ್ನೆಗಳು, ಮುಂದಿನ ನಾಲ್ಕು ಉತ್ತರಗಳು. 5ರಿಂದ 8ರ ಕಂತುಗಳಲ್ಲಿ ಕಂಡದ್ದನ್ನೇ 16ರಿಂದ 21ರಲ್ಲಿ ಇನ್ನೊಬ್ಬರ ಕಣ್ಣಿನಿಂದ ಕಾಣುತ್ತೇವೆ. ಮೊದಲು ಕ್ರೌರ್ಯ ಅನ್ನಿಸಿದ್ದು ಆಗ ಬೇರೆಯೇ ಆಗಿ ತೋರುತ್ತದೆ. ಎರಡೂ ಭಾಗವನ್ನು ಎರಡು ಕಿಟಕಿಯಲ್ಲಿ ತೆರೆದು ಒಂದೇ ಸಂಭಾಷಣೆಯನ್ನು ಪಕ್ಕಪಕ್ಕ ನೋಡು, ನಿನಗೆ ಒಂದು ಪುಟದ ವಿಷಯ ಸಿಗುತ್ತದೆ.

ಅಣೆಕಟ್ಟಿನ ಎಳೆ ನೀನು ಪೂರ್ತಿ ಬಿಟ್ಟಿದ್ದೀಯ, ಅದು ನನಗೆ ಬೇಸರ ತಂದಿತು. ಊರು ಮುಳುಗಿಸುವ ಅಣೆಕಟ್ಟಿನ ವಿರುದ್ಧ ಹಿನಾಮಿಜಾವಾ ಹೋರಾಡಿ ಗೆದ್ದಿರುತ್ತದೆ. ಆ ಹೋರಾಟದಲ್ಲಿ ಯಾರು ಜೊತೆಗಿದ್ದರು, ಯಾರು ಒಡೆದು ಹೋದರು ಅನ್ನುವುದೇ ಆಮೇಲಿನ ಎಲ್ಲ ದ್ವೇಷಕ್ಕೂ ಬೇರು. ಊರಿನ ರೂಪಕ್ಕೆ ಮಾದರಿ ಗಿಫು ಪ್ರಾಂತ್ಯದ ಶಿರಾಕಾವಾ-ಗೋ, ಕಡಿದಾದ ಹುಲ್ಲುಮಾಡಿನ ಮನೆಗಳಿಗೆ 1995ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕ ಜಾಗ. ಅಲ್ಲಿ ಹರಿಯುವ ನದಿಯ ಮೇಲ್ಭಾಗದಲ್ಲಿ 1961ರಲ್ಲಿ ಮುಗಿದ ಮಿಬೊರೊ ಅಣೆಕಟ್ಟು ನಿಜವಾಗಿಯೂ ಮನೆಗಳನ್ನು ಮುಳುಗಿಸಿದೆ. ಮುಳುಗಲಿದ್ದ ಎರಡು ಮುದಿ ಚೆರ್ರಿ ಮರಗಳನ್ನು ಮೇಲೆ ತಂದು ನೆಟ್ಟರು, ಇವತ್ತಿಗೂ ಅವು ಹೂ ಬಿಡುತ್ತವೆ. ‘ಮುಳುಗಡೆ’ ಅನ್ನುವ ಪದ ಕೇಳಿದರೇ ಶರಾವತಿ ಕಡೆಯವರ ಎದೆಯಲ್ಲಿ ಏನಾಗುತ್ತದೆ ಅಂತ ನಿನಗೆ ಗೊತ್ತು. ಲಿಂಗನಮಕ್ಕಿ ಆಗಿದ್ದು 1964ರಲ್ಲಿ. ಕನ್ನಡದ ಓದುಗರಿಗೆ ಈ ಒಂದು ಎಳೆ ಸಾಕು, ಹಿನಾಮಿಜಾವಾದ ಸಿಟ್ಟು ದೂರದ್ದು ಅನ್ನಿಸುವುದಿಲ್ಲ.

ಕಥೆ ಎಲ್ಲ ಕಡೆಯೂ ಸಮವಾಗಿ ಗಟ್ಟಿಯಿಲ್ಲ, ಅದನ್ನೂ ಬರೆ. ಲೆಕ್ಕ ಸುಲಭ. ಮೊದಲ ಸೀಸನ್ನಿನ 26 ಕಂತಿನಲ್ಲಿ ಆರು ಅಧ್ಯಾಯ ತುರುಕಿದ್ದಾರೆ: ನಾಲ್ಕು, ನಾಲ್ಕು, ಐದು, ಎರಡು, ಆರು, ಐದು ಕಂತು. ‘ಕಾಯ್’ನಲ್ಲಿ ಕೊನೆಯ ಎರಡು ಅಧ್ಯಾಯಕ್ಕೇ 19 ಕಂತು, ಎಂಟು ಮತ್ತು ಹನ್ನೊಂದು. ಹೀಗಾಗಿ ಮೊದಲ ಸೀಸನ್ ಓಡುತ್ತದೆ. ಮಕ್ಕಳು ಕ್ಲಬ್ಬಿನಲ್ಲಿ ಆಟ ಆಡಿ ನಗುವ ದೃಶ್ಯಗಳು ಮೂಲದಲ್ಲಿ ಧಾರಾಳ, ಇಲ್ಲಿ ಕತ್ತರಿ ಬಿದ್ದಿವೆ. ಗೆಳೆತನ ಬೇರೂರುವ ಮುಂಚೆಯೇ ಅನುಮಾನ ಬಂದುಬಿಡುತ್ತದೆ. ಅತಿ ಹೆಚ್ಚು ನರಳಿದ್ದು 14, 15ನೇ ಕಂತಿನ ಅಧ್ಯಾಯ, 1978ರಲ್ಲಿ ಊರಿಗೆ ಬರುವ ಪೊಲೀಸ್ ಅಕಾಸಾಕಾನದು. ಮುಂದೆ ಅಷ್ಟು ಮುಖ್ಯವಾಗುವ ಭಾಗವನ್ನು ಎರಡೇ ಕಂತಿನಲ್ಲಿ ಮುಗಿಸಿಬಿಟ್ಟಿದ್ದಾರೆ.

ಚಿತ್ರ ಸೋತ ಕಡೆ ಕಥೆಯನ್ನು ಎತ್ತಿ ಹಿಡಿದದ್ದು ಸದ್ದು. ಹಿಗುರಾಶಿ ಅಂದರೆ ಬೆಳಗಿನ, ಸಂಜೆಯ ಹೊತ್ತು ಕೂಗುವ ಜೀರುಂಡೆ. ಜಪಾನಿಯರ ಕಿವಿಗೆ ಅದರ ಕೂಗು ‘ಕಾನಾ ಕಾನಾ ಕಾನಾ’. ರೇನಾ ಅನ್ನುವ ಹುಡುಗಿ ಮಾತಿನ ಕೊನೆಗೆ ‘ಕಾನಾ? ಕಾನಾ?’ ಅಂತ ಸೇರಿಸುತ್ತಾಳೆ, ಜಪಾನಿ ಭಾಷೆಯಲ್ಲಿ ‘ಇರಬಹುದೇನೋ’ ಅನ್ನುವ ಅರ್ಥ. ಅವಳ ಮುದ್ದು ಮಾತಿನೊಳಗೇ ಜೀರುಂಡೆ ಕೂಗುತ್ತಿದೆ. ಸಬ್‌ಟೈಟಲ್ ಓದಿದರೆ ಇದು ಸಿಗುವುದಿಲ್ಲ, ಕಿವಿಗೊಡಬೇಕು. ಮೊದಲ ಅಧ್ಯಾಯದಲ್ಲಿ ಕೇಯಿಚಿ ಏನೂ ಮುಚ್ಚಿಡುತ್ತಿಲ್ಲ ಅಂದಾಗ ಅವಳು ‘ಉಸೊ ದಾ!’, ಸುಳ್ಳು, ಅಂತ ಕಿರುಚುವ ದೃಶ್ಯ ತೆಗೆದುಕೋ. ಆ ದೃಶ್ಯವನ್ನು ಮೂರು ಸಲ ನೋಡು: ಒಮ್ಮೆ ಹಾಗೇ, ಒಮ್ಮೆ ಸದ್ದು ಮುಚ್ಚಿ, ಒಮ್ಮೆ ಕಣ್ಣು ಮುಚ್ಚಿ. ಸದ್ದು ಮುಚ್ಚಿದಾಗ ಉಳಿಯುವುದು ಸಾಧಾರಣ ಚಿತ್ರ, ಕಣ್ಣಷ್ಟೇ ಬದಲಾದ ಮುಖ. ಕಣ್ಣು ಮುಚ್ಚಿದಾಗ ಮಾಯಿ ನಾಕಾಹಾರಾ ಅವರ ದನಿ ಮೈ ನಡುಗಿಸುತ್ತದೆ. ಮಿಯೋನ್, ಶಿಯೋನ್ ಎಂಬ ಅವಳಿಗಳಿಬ್ಬರಿಗೂ ಸಾತ್ಸುಕಿ ಯುಕಿನೋ ಒಬ್ಬರದೇ ದನಿ. ಮುಖ ನೋಡಿ ಗುರುತಿಸಲಾಗದ ಕಡೆ ಮಾತಿನ ಹದ ಹಿಡಿದು ಯಾರು ಅಂತ ತಿಳಿಯಬೇಕು, ಅಥವಾ ಮೋಸ ಹೋಗಬೇಕು. ಸಂಗೀತ ಕೆಂಜಿ ಕಾವಾಯಿ ಅವರದು. ಜೀರುಂಡೆ ಸದ್ದು ಎಲ್ಲಿ ಏರುತ್ತದೆ, ಎಲ್ಲಿ ಥಟ್ಟನೆ ನಿಲ್ಲುತ್ತದೆ ಅಂತ ನಿಮಿಷ ಸಮೇತ ಗುರುತು ಹಾಕಿಕೋ.

ನೋಡುವ ಕ್ರಮ ಖಂಡಿತ ಕೊಡು. 2006ರದು, ಆಮೇಲೆ 2007ರ ‘ಕಾಯ್’. ಪಾಸಿಯೋನ್ ಸ್ಟುಡಿಯೋ ಮಾಡಿದ 2020ರ ‘ಗೋ’ ಗೆರೆಯಲ್ಲಿ, ಬಣ್ಣದಲ್ಲಿ ಎಷ್ಟೋ ಚೊಕ್ಕ. ಅದನ್ನು ಕಂಡು ‘ಹಳೆಯದು ಯಾಕೆ, ಇದನ್ನೇ ನೋಡೋಣ’ ಅನ್ನುವವರು ಬಹಳ. ಅದು ಹಳೆಯದರ ಮುಂದುವರಿಕೆ, ಮೊದಲು ನೋಡಿದರೆ ‘ಕಾಯ್’ ಬಿಚ್ಚಿಡುವ ಗುಟ್ಟೆಲ್ಲ ಹಾಳಾಗುತ್ತದೆ.

ಎಚ್ಚರಿಕೆಯ ಮಾತು ವಿಮರ್ಶೆಯ ಮೇಲ್ಭಾಗದಲ್ಲೇ ಇರಲಿ, ಕೊನೆಯಲ್ಲಿ ಬೇಡ. 9ರಿಂದ 13ರವರೆಗಿನ ಕಂತುಗಳಲ್ಲಿ ಮಗುವೊಂದಕ್ಕೆ ಮನೆಯಲ್ಲಿ ಆಗುವ ಹಿಂಸೆ ಇದೆ, 16ರಿಂದ 21ರೊಳಗೆ ಬೆರಳುಗುರಿನ ಚಿತ್ರಹಿಂಸೆಯ ದೃಶ್ಯ ಇದೆ. ಮುದ್ದು ಮುಖ ನೋಡಿ ಚಿಕ್ಕ ಮಕ್ಕಳ ಕೈಗೆ ಯಾರೂ ಕೊಡಬಾರದು.

ಅಂಕ ಕೊಡಲೇಬೇಕೆಂದರೆ ಕಥೆ, ಗೆರೆ, ಚಲನೆ, ಸದ್ದು ಅಂತ ನಾಲ್ಕು ಮಾಡಿ ಕೊಡು. ಮೊದಲು ರೇನಾ ಕಿರುಚುವ ದೃಶ್ಯದ ಹತ್ತು ಸೆಕೆಂಡ್ ಎಣಿಸಿ, ಎಷ್ಟು ಚಿತ್ರ ಬಂತು ಅಂತ ರಾತ್ರಿ ಮೆಸೇಜ್ ಮಾಡು. ನಾನೂ ಎಣಿಸಿಟ್ಟಿರುತ್ತೇನೆ, ತಾಳೆ ಹಾಕೋಣ.

ನಿನ್ನ
ಅಮ್ಮ