ಬೇಡಿಕೆ ಬರೆಯುವಷ್ಟರಲ್ಲಿ ಜಾಗ ಮುಗಿದಿತ್ತು

ಮಾನ್ಯ ಸಂಪಾದಕರೇ,

ನಮ್ಮಪ್ಪ ಭದ್ರಾ ನಾಲೆಯ ಕೊನೆ ಭಾಗದ ರೈತರು. ಹೋದ ಬೇಸಿಗೆಯಲ್ಲಿ ಗದ್ದೆಗೆ ನೀರು ಬರುತ್ತಿಲ್ಲ ಅಂತ ಒಂದು ವೆಬ್‌ಸೈಟ್‌ನಲ್ಲಿ ದೂರು ಹಾಕಿದರು. ಮೊಬೈಲಲ್ಲಿ ಒಂದೊಂದೇ ಅಕ್ಷರ ಒತ್ತಿ ಗಂಟೆಗಟ್ಟಲೆ ಕೂತು ಬರೆದದ್ದು. 'ದೂರು ಯಶಸ್ವಿಯಾಗಿ ದಾಖಲಾಗಿದೆ' ಅಂತ ಬಂತು. ಹತ್ತು ದಿನ ಬಿಟ್ಟು ಉತ್ತರ: 'ತಮ್ಮ ಬೇಡಿಕೆ ಏನೆಂಬುದು ಸ್ಪಷ್ಟವಾಗಿಲ್ಲ.' ತೆಗೆದು ನೋಡಿದರೆ ದೂರು 'ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂ' ಅನ್ನುವಲ್ಲಿಗೇ ನಿಂತಿದೆ. ಮುಂದಿನದೆಲ್ಲ ಮಾಯ.

ನಾನು ಸಾಫ್ಟ್‌ವೇರ್ ಕೆಲಸದವನು. ಉಳಿದದ್ದನ್ನು ಕಂಪ್ಯೂಟರ್ ಎಣಿಸುವ ಹಾಗೆ, ಕಾಗುಣಿತದ ಗುರುತುಗಳನ್ನೂ ಬೇರೆ ಹಿಡಿದು ಎಣಿಸಿದೆ, ಸರಿಯಾಗಿ 255. ನಮ್ಮ ಕಸುಬಿನವರಿಗೆ ಈ ಸಂಖ್ಯೆ ಚೆನ್ನಾಗಿ ಗೊತ್ತು. ಪ್ರೋಗ್ರಾಂಗೂ, ಮಾಹಿತಿ ಕೂಡಿಡುವ ಡೇಟಾಬೇಸಿಗೂ ನಡುವೆ ಕೂರುವ ಹೈಬರ್ನೇಟ್‌ನಂಥ ಟೂಲ್‌ಗೆ ನಾವು ಕಾಲಂನ, ಅಂದರೆ ಬರಹ ಇಡುವ ಖಾನೆಯ, ಉದ್ದ ಹೇಳದಿದ್ದರೆ ಅದು 255 ಅಂತಲೇ ಹಿಡಿಯುತ್ತದೆ. ಅದಕ್ಕಿಂತ ಉದ್ದದ್ದು ಬಂದರೆ? ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನಲ್ಲಿ 5.7ನೇ ವರ್ಷನ್‌ನಿಂದ, ಅಂದರೆ 2015ರಿಂದ, ಸ್ಟ್ರಿಕ್ಟ್ ಮೋಡ್ ಅನ್ನುವ ಕಟ್ಟುನಿಟ್ಟಿನ ಸೆಟ್ಟಿಂಗ್ ತಾನಾಗೇ ಆನ್ ಇರುತ್ತದೆ, ಎರರ್ ಕೊಟ್ಟು ನಿಲ್ಲಿಸುತ್ತದೆ. ಹಳೇ ವರ್ಷನ್ ಆಗಿದ್ದರೆ, ಅಥವಾ ಯಾರೋ ಪುಣ್ಯಾತ್ಮ ಎರರ್ ಕಾಟ ತಾಳಲಾರದೆ ಆ ಮೋಡ್ ಆಫ್ ಮಾಡಿದ್ದರೆ, ಹಿಡಿಸಿದಷ್ಟು ಇಟ್ಟುಕೊಂಡು ಉಳಿದದ್ದನ್ನು ಬಿಸಾಕಬಹುದು. ಒಂದು ವಾರ್ನಿಂಗ್ ಹಾಕುತ್ತದೆ ನಿಜ, ಪ್ರೋಗ್ರಾಂ ಅದನ್ನು ಕೇಳಿದರೆ ತಾನೆ? ನಾನೂ ಸಾಚಾ ಅಲ್ಲ. ಮೊದಲ ಕೆಲಸದಲ್ಲಿ, ಎರರ್ ಹೋದರೆ ಸಾಕಪ್ಪಾ ಅಂತ, ಮೊದಲ 255 ಮಾತ್ರ ಉಳಿಸುವ ಒಂದು ಸಾಲು ಕೋಡ್ ಬರೆದಿದ್ದೆ. ಬಾಸ್ ಭೇಷ್ ಅಂದಿದ್ದರು.

ಇದರಲ್ಲಿ ಕನ್ನಡಕ್ಕೆ ಪೆಟ್ಟು ಜಾಸ್ತಿ. 'ದಾವಣಗೆರೆ' ನಮಗೆ 5 ಅಕ್ಷರ. ದೀರ್ಘ, ಎತ್ವವನ್ನೂ ಬೇರೆ ಎಣಿಸುವ ಡೇಟಾಬೇಸಿಗೆ 8. ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ ಅವು ಒಂದೊಂದಕ್ಕೂ 3 ಬೈಟ್ ಜಾಗ ಬೇಕು, ಒಟ್ಟು 24. ಇಂಗ್ಲಿಷಿನಲ್ಲಿ ಬರೆದರೆ 10 ಬೈಟಿಗೇ ಮುಗಿಯಿತು. ಉದ್ದ ಬರಹಕ್ಕೆಂದೇ ಇರುವ 'ಟೆಕ್ಸ್ಟ್' ಕಾಲಂ ಹಾಕಿದ್ದೀವಿ, ಸಾಕಲ್ವಾ ಅನ್ನುವವರೂ ಇದ್ದಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಅದರ ಮಿತಿ 65,535 ಬೈಟ್, ಕನ್ನಡಕ್ಕೆ ಬಂದರೆ ಇಂಥ 21,845 ಗುರುತು ಅಷ್ಟೇ. ಅದರ ಮೇಲೆ ನಮ್ಮ ಅರ್ಜಿ ಬರೆಯುವ ರೀತಿ ಬೇರೆ! ಹೆಸರು, ಊರು, ಸರ್ವೆ ನಂಬರ್, ನಮಸ್ಕಾರಗಳು ಎಲ್ಲ ಆದ ಮೇಲೆ ಬೇಡಿಕೆ ಬರುತ್ತದೆ. ಬಾಲ ಕತ್ತರಿಸಿದರೆ ಮೊದಲು ಹೋಗುವುದು ಅದೇ.

ವೆಬ್‌ಸೈಟ್ ಮಾಡುವವರೇ, ದಯವಿಟ್ಟು ಸ್ಟ್ರಿಕ್ಟ್ ಮೋಡ್ ಆನ್ ಇಡಿ. ಕಾಲಂನ ಉದ್ದವನ್ನೇ ಫಾರಂಗೂ ಹಾಕಿ, ಬರೆಯುವಾಗಲೇ 'ಇನ್ನು 40 ಉಳಿದಿದೆ' ಅಂತ ತೋರಿಸಿ. ಜಾಸ್ತಿಯಾದರೆ ತೆಗೆದುಕೊಳ್ಳಬೇಡಿ, ಅಪ್ಪ ಬೈದುಕೊಂಡಾದರೂ ಚಿಕ್ಕದಾಗಿ ಬರೆಯುತ್ತಿದ್ದರು. ಟೆಸ್ಟ್ ಮಾಡುವಾಗ ಸುಮ್ನೆ 'ಟೆಸ್ಟ್ 123' ಹಾಕದೆ ಎರಡು ಪುಟ ಕನ್ನಡ ಹಾಕಿ ಸೇವ್ ಮಾಡಿ, ವಾಪಸ್ ತೆಗೆದು ಕೊನೆ ಸಾಲು ಇದೆಯಾ ನೋಡಿ. ಅದೂ ನಿಜವಾಗಿ ಓಡುವ ಡೇಟಾಬೇಸಿನಲ್ಲೇ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸಿನಲ್ಲಿ ಟೆಸ್ಟ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಅದು ಕಾಲಂಗೆ ಕೊಟ್ಟ ಉದ್ದವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನೀವೂ ನಮ್ಮ ಪತ್ರಗಳಿಗೆ ಕತ್ತರಿ ಹಾಕುತ್ತೀರಿ, ಆದರೆ ಓದಿ ಹಾಕುತ್ತೀರಿ. ಅದಕ್ಕೆ ನನ್ನ ತಕರಾರಿಲ್ಲ.

ಅಪ್ಪ ಮತ್ತೆ ದೂರು ಹಾಕಿದ್ದಾರೆ. ಈ ಸಲ ಮೊದಲ ಸಾಲಲ್ಲೇ 'ನಾಲೆಗೆ ನೀರು ಬಿಡಿಸಿ' ಅಂತ ಬರೆದು, ನಮಸ್ಕಾರಗಳನ್ನು ಕೊನೆಗೆ ಇಟ್ಟಿದ್ದಾರೆ. ಕತ್ತರಿಸಿದರೆ ಅದನ್ನೇ ಕತ್ತರಿಸಿಕೊಳ್ಳಲಿ ಅಂತ.

— ಒಬ್ಬ ಪ್ರೋಗ್ರಾಮರ್, ದಾವಣಗೆರೆ