ಅದು ತೂತು ಹೊಡೆಯುವ ಇಕ್ಕಳವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು ಕಳಿಸಿದ ಹಳೇ ಇಕ್ಕಳದ ಚಿತ್ರ ಹಾಕಿದ್ದೀರಿ. ಅಡಿಯಲ್ಲಿ ‘ಚರ್ಮಕ್ಕೆ ತೂತು ಹೊಡೆಯುವ ಉಪಕರಣ’ ಎಂದು ಬರೆದಿದ್ದೀರಿ. ಅದು ಗರಗಸದ ಹಲ್ಲು ಬಗ್ಗಿಸುವ ಇಕ್ಕಳ. ಇಂಗ್ಲಿಷಿನಲ್ಲಿ ಅದಕ್ಕೆ ಸಾ ಸೆಟ್ ಎನ್ನುತ್ತಾರೆ. ನಿಮ್ಮನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಅಂಥದ್ದೇ ಒಂದನ್ನು ನಾನೂ ಹನ್ನೊಂದು ವರ್ಷ ತೂತು ಹೊಡೆಯುವ ಇಕ್ಕಳ ಎಂದೇ ನಂಬಿಕೊಂಡು ಇಟ್ಟುಕೊಂಡಿದ್ದೆ. ನಾನು ಫಿಟ್ಟರ್ ಕೆಲಸದವನು, ಮರಗೆಲಸ ಅಪ್ಪನದು.

ಅಪ್ಪ ಹೋದಮೇಲೆ ಅವರ ಪೆಟ್ಟಿಗೆ ನನಗೆ ಬಂತು. ಮೊದಲು ಮಾಡಿದ್ದೇ ಎರಡು ದಡ್ಡ ಕೆಲಸ. ಒಂದು, ಎಲ್ಲವನ್ನೂ ಹೊರಗೆ ಸುರಿದು ನನಗೆ ತಿಳಿದಂತೆ ಜೋಡಿಸಿದೆ. ಅರಗಳೆಲ್ಲ ಒಂದು ಕಡೆ, ಉಳಿಗಳು ಒಂದು ಕಡೆ, ಇಕ್ಕಳಗಳು ಇನ್ನೊಂದು ಕಡೆ. ಈ ಇಕ್ಕಳ ಮೂರು ಮೂಲೆಯ ಸಣ್ಣ ಅರದ ಜೊತೆ ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡಿತ್ತು. ಆ ಬಟ್ಟೆ ಬಿಚ್ಚಿ ಎಸೆದುಬಿಟ್ಟೆ. ಅಪ್ಪನೇ ಬರೆದಿಟ್ಟ ಚೀಟಿಯನ್ನು ಹರಿದು ಹಾಕಿದ ಹಾಗಾಯಿತು, ಅಲ್ವಾ? ಆ ಅರ ಗರಗಸದ ಹಲ್ಲು ಹರಿತ ಮಾಡುವುದು. ಹಲ್ಲು ಹರಿತ ಮಾಡುವವರು ಅದನ್ನು ಬಗ್ಗಿಸುವ ಇಕ್ಕಳವನ್ನೂ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ.

ಎರಡನೆಯದು ಇನ್ನೂ ಕೆಟ್ಟದ್ದು. ತುಕ್ಕು ಕಂಡರೆ ನನಗೆ ತಡೆಯುವುದಿಲ್ಲ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತಿಕ್ಕಿದೆ. ಫಳಫಳ ಎಂದಿತು. ಬಾಯಿಯ ಬಳಿಯ ಪುಟ್ಟ ಚಕ್ರದ ಮೇಲಿದ್ದ ಅಂಕಿಗಳೂ ಮುಕ್ಕಾಲು ಪಾಲು ಹೋದವು.

ಆಮೇಲೆ ಒಂದು ಬೆಲ್ಟಿಗೆ ತೂತು ಹಾಕಲು ಹೋದೆ. ಹಿಡಿ ಒತ್ತಿದರೆ ಒಂದು ಸಣ್ಣ ತಗ್ಗು ಬಿತ್ತು, ಅಷ್ಟೇ. ಮೊಂಡಾಗಿದೆ ಎಂದುಕೊಂಡು ಮೂಲೆಗೆ ಹಾಕಿದೆ. ಆಗಲೇ ಯೋಚಿಸಬೇಕಿತ್ತು. ಚರ್ಮಕ್ಕೆ ತೂತು ಹೊಡೆಯುವುದಕ್ಕೆ ಟೊಳ್ಳು ಕೊಳವೆಯಂಥ ಹರಿತ ಬಾಯಿ ಬೇಕು. ಇದರದ್ದು ಗಟ್ಟಿ ಕಡ್ಡಿ, ತುದಿ ಚಪ್ಪಟೆ. ಹರಿತವೇ ಇಲ್ಲದ ಉಪಕರಣ ಏನನ್ನೂ ಕತ್ತರಿಸುವುದಿಲ್ಲ. ಅದು ಹಿಡಿಯುತ್ತದೆ, ಒತ್ತುತ್ತದೆ, ಇಲ್ಲವೇ ಬಗ್ಗಿಸುತ್ತದೆ.

ಗುಟ್ಟು ಗೊತ್ತಾಗಿದ್ದು ಒಂದು ಮಳೆಗಾಲದ ಸಂಜೆ. ಕೆಲಸವಿರಲಿಲ್ಲ, ಸುಮ್ನೆ ಕೈಯಲ್ಲಿ ಹಿಡಿದು ಒತ್ತುತ್ತ ಕೂತಿದ್ದೆ. ನಿಧಾನವಾಗಿ ಒತ್ತಿದಾಗ ಒಂದರ ಹಿಂದೆ ಒಂದು ಎರಡು ಚಲನೆ ಕಂಡವು. ಮೊದಲು ಹೊರಗಿನ ತುಂಡು ಮುಂದೆ ಬಂದು ನಿಲ್ಲುತ್ತದೆ. ಇನ್ನೂ ಒತ್ತಿದರೆ ಅದರ ಒಳಗಿಂದ ಕಡ್ಡಿ ಹೊರಬರುತ್ತದೆ. ಅಂದರೆ ಮೊದಲು ಏನನ್ನೋ ಅಲುಗಾಡದಂತೆ ಹಿಡಿಯಬೇಕು, ಆಮೇಲೆ ಅದರ ತುದಿಯನ್ನು ತಳ್ಳಬೇಕು. ಬಾಯಿಯ ಸಂದು ಎಷ್ಟು ಕಿರಿದೆಂದರೆ ತೆಳು ತಗಡು ಮಾತ್ರ ಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಚಕ್ರ ನೋಡಿದೆ. ಅಳಿದುಳಿದ ಅಂಕಿಗಳು 4ರಿಂದ 12ರವರೆಗೆ. ಮಿಲಿಮೀಟರ್ ಎಂದರೆ ಆ ಪುಟ್ಟ ಬಾಯಿಗೆ 12 ಜಾಸ್ತಿಯಾಯಿತು. ಇಂಚಂತೂ ಅಲ್ಲವೇ ಅಲ್ಲ. ಅಷ್ಟರಲ್ಲಿ ಗೋಡೆಗೆ ನೇತುಹಾಕಿದ್ದ ಅಪ್ಪನ ಗರಗಸ ಕಣ್ಣಿಗೆ ಬಿತ್ತು. ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕ ಅದು! ಗರಗಸದ ಅಂಚನ್ನು ಸಂದಿಗೆ ಇಟ್ಟರೆ ಅದಕ್ಕೇ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಗರಗಸ ಬಳಸದವರಿಗೆ ಇದೇಕೆ ಬೇಕು ಎನ್ನಿಸಬಹುದು. ಹಲ್ಲುಗಳೆಲ್ಲ ನೆಟ್ಟಗೇ ಇದ್ದರೆ ಅಲಗಿನ ದಪ್ಪದಷ್ಟೇ ಸೀಳು ಬೀಳುತ್ತದೆ, ಅಲಗು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಒಂದು ಹಲ್ಲನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಕೊಂಚ ಬಗ್ಗಿಸಬೇಕು. ಆಗ ಸೀಳು ಅಲಗಿಗಿಂತ ಚೂರು ಅಗಲವಾಗುತ್ತದೆ. ಬಗ್ಗಿಸುವುದು ತುದಿಯನ್ನು ಮಾತ್ರ. ಬುಡದಿಂದ ಬಗ್ಗಿಸಿದರೆ ಹಲ್ಲು ಬಿರುಕು ಬಿಡುತ್ತದೆ. ಚಕ್ರ ತಿರುಗಿಸುವುದು ಈ ಅಳತೆಗಾಗಿಯೇ. ದೊಡ್ಡ ಹಲ್ಲಿಗೆ ಸಣ್ಣ ಅಂಕಿ, ಸಣ್ಣ ಹಲ್ಲಿಗೆ ದೊಡ್ಡ ಅಂಕಿ.

ಇಷ್ಟು ಉದ್ದ ಬರೆದಿದ್ದಕ್ಕೆ ಕಾರಣವಿದೆ. ‘ಇದೇನು ಹೇಳಿ’ ಎಂದು ಚಿತ್ರ ಕಳಿಸುವವರು ಸಾಮಾನನ್ನು ತಿಕ್ಕಿ ಹೊಳೆಯಿಸಿ, ಮೇಜಿನ ಮೇಲೆ ಮಲಗಿಸಿ ಒಂದೇ ಫೋಟೋ ತೆಗೆಯುತ್ತಾರೆ. ಗೇಣುದ್ದವೋ ಮೊಳದುದ್ದವೋ ತಿಳಿಯುವುದಿಲ್ಲ. ಪಕ್ಕದಲ್ಲೊಂದು ಸ್ಕೇಲ್ ಇಡಲು ದಯವಿಟ್ಟು ಹೇಳಿ. ಬಾಯಿಯ ಹತ್ತಿರದ ಚಿತ್ರವೊಂದು ಬೇಕು, ತೆರೆದಾಗ ಒಂದು, ಮುಚ್ಚಿದಾಗ ಒಂದು. ಎಲ್ಲಿ ಸವೆದಿದೆ ಎಂದು ಕಾಣಬೇಕು. ಯಾವ ಸಾಮಾನಿನ ಜೊತೆ ಸಿಕ್ಕಿತು ಎಂದೂ ಬರೆಯಲಿ. ಅಕ್ಷರ ಮಸುಕಾಗಿದ್ದರೆ ಬ್ರಷ್ ಬೇಡ, ಸೀಮೆಸುಣ್ಣದ ಪುಡಿ ಸವರಿ ಮೇಲ್ಮೈ ಒರೆಸಿದರೆ ಸಾಕು. ತಗ್ಗಿನಲ್ಲಿ ಬಿಳಿ ಉಳಿದು ಅಕ್ಷರ ಎದ್ದು ಬರುತ್ತದೆ.

ಅಕ್ಷರ ಸಿಕ್ಕರೂ ಅದನ್ನೇ ನಂಬಿ ಕೂರುವ ಹಾಗಿಲ್ಲ, ಅದು ಬೇರೆ ಮಾತು. ಹಳೇ ಉಳಿಯ ಮೇಲೆ ‘ಕಾಸ್ಟ್ ಸ್ಟೀಲ್’ ಎಂದಿದ್ದರೆ ಅಚ್ಚಿಗೆ ಹೊಯ್ದ ಉಳಿ ಎಂದಲ್ಲ, ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು ಎಂದರ್ಥ. ವಿಟ್ವರ್ತ್ ಎಂಬ ಹಳೇ ಬ್ರಿಟಿಷ್ ಅಳತೆಯ ಸ್ಪ್ಯಾನರಿನ ಮೇಲೆ 1/2, ಅಂದರೆ ಅರ್ಧ ಇಂಚು ಎಂದಿರುತ್ತದೆ, ಬಾಯಿ ಅಳೆದರೆ 23 ಮಿಲಿಮೀಟರ್ ದಾಟುತ್ತದೆ. ಆ ಅಂಕಿ ಬೋಲ್ಟಿನ ದಪ್ಪ, ಬಾಯಿಯ ಅಗಲವಲ್ಲ. ಅಳತೆ ತಪ್ಪಿದ ಮಾಲು ಎಂದು ಅಂಥವನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ.

ಚಿತ್ರ ಕಳಿಸಿದ ಓದುಗರಿಗೆ ಒಂದು ಮಾತು ಮುಟ್ಟಿಸಿ. ಈಗ ಹೆಸರು ತಿಳಿಯಿತಲ್ಲ ಎಂದು ಕೈಗೆ ಸಿಕ್ಕಿದ ಗರಗಸದ ಮೇಲೆ ಪ್ರಯೋಗ ಮಾಡುವುದು ಬೇಡ. ಹಲ್ಲಿನ ತುದಿ ಕಪ್ಪು ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಗಡಸು ಮಾಡಿದ ಹೊಸ ಕಾಲದ ಗರಗಸ. ಬಗ್ಗಿಸಲು ಹೋದರೆ ಹಲ್ಲು ಟಕ್ಕೆಂದು ಮುರಿಯುತ್ತದೆ. ನನ್ನದು ಮೂರು ಮುರಿದಿವೆ.

ಇಂತಿ,
ನಿವೃತ್ತ ಫಿಟ್ಟರ್ ಒಬ್ಬ