ಹಾರ್ಮೋನ್ ಪ್ಯಾಕೇಜೂ ನನ್ನ ಮೈಕೈ ನೋವೂ

ಮಾನ್ಯರೇ,

ನಾನು ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುವವಳು, ವಯಸ್ಸು 52. ಆರು ವರ್ಷದಿಂದ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋಯುತ್ತಲೇ ಇರುವ ದೀರ್ಘಕಾಲದ ಕಾಯಿಲೆ. ಬೆಳಿಗ್ಗೆ ಎದ್ದರೆ ರಾತ್ರಿಯಿಡೀ ಒನಕೆಯಲ್ಲಿ ಕುಟ್ಟಿದ ಹಾಗಿರುತ್ತದೆ ಮೈ. ಸೂಜಿಗೆ ದಾರ ಪೋಣಿಸಲೂ ಬೆರಳು ಮಾತು ಕೇಳುವುದಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. 'ಮತ್ತೆ ನಿನಗೇನಾಗಿದೆ?' ಅಂದರು ಮನೆಯವರು. ಈ ಕಾಯಿಲೆಯನ್ನು ಹಿಡಿದು ತೋರಿಸುವ ರಕ್ತ ಪರೀಕ್ಷೆಯೇ ಇಲ್ಲವೆಂದು ಯಾರಿಗೆ ಹೇಳುವುದು?

'ನೈಸರ್ಗಿಕವಾಗಿ ಹಾರ್ಮೋನ್ ಸಮತೋಲನ' ಎಂಬ ಪಥ್ಯದ ಪ್ಯಾಕೇಜಿನ ಜಾಹೀರಾತು ನಂಬಿ ಹದಿನೆಂಟು ಸಾವಿರ ಕಟ್ಟಿದೆ. ಪ್ಯಾಕೇಜಿನವರು ಅನ್ನ, ಹಾಲು, ಗೋಧಿ ಬಿಡಿಸಿದರು. ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿ ಅಂದರು. ಪುಣ್ಯಕ್ಕೆ ಅದೊಂದನ್ನು ಕೇಳಲಿಲ್ಲ. ನಾಲ್ಕು ಕೆ.ಜಿ. ಇಳಿದೆ, ನೋವು ಇಳಿಯಲಿಲ್ಲ.

ಸಂಧಿವಾತದ ವೈದ್ಯರು ಬಿಡಿಸಿ ಹೇಳಿದರು: ಥೈರಾಯ್ಡ್ ಕಡಿಮೆಯಾದರೆ, ವಿಟಮಿನ್ ಡಿ ಕೊರತೆಯಾದರೆ ಇಂಥದ್ದೇ ನೋವು ಬರಬಹುದು, ಅವನ್ನು ಪರೀಕ್ಷಿಸಿ ಸರಿಪಡಿಸಬೇಕು. ಆದರೆ ಫೈಬ್ರೊಮಯಾಲ್ಜಿಯಾ ವಾಸಿಮಾಡುವ ಪಥ್ಯ ಅಂತ ಯಾವುದೂ ಇಲ್ಲ. ನಡಿಗೆ, ನಿದ್ದೆ ಮುಖ್ಯ. ಮೊದಲ ವಾರ ರಾಮಾಂಜನೇಯ ಗುಡ್ಡದ ಸುತ್ತ ಹತ್ತೇ ನಿಮಿಷ ನಡೆದೆ, ಅಳುತ್ತಾ. ಈಗ ಅರ್ಧ ಗಂಟೆ. ಸಂಜೆ ನಾಲ್ಕರ ಮೇಲೆ ಕಾಫಿ ಇಲ್ಲ (ಬಸವನಗುಡಿ ಕಡೆಯವಳಿಗೆ ಇದೇ ದೊಡ್ಡ ಪಥ್ಯ). ಮುದ್ದೆ, ಬಸ್ಸಾರು ಮತ್ತೆ ಶುರುವಾಗಿದೆ. ನೋವಿದೆ, ಆದರೆ ದಿನಕ್ಕೆ ಎರಡು ಬ್ಲೌಸ್ ಮುಗಿಯುತ್ತವೆ.

ಇಂಥ ಪ್ಯಾಕೇಜುಗಳ ಜಾಹೀರಾತು ಅಚ್ಚು ಹಾಕುವ ಮುನ್ನ ಒಬ್ಬ ವೈದ್ಯರಿಗಾದರೂ ತೋರಿಸಿ ಎಂದು ಪತ್ರಿಕೆಗಳಲ್ಲಿ ನನ್ನ ಮನವಿ.

– ಓರ್ವ ಓದುಗರು, ಹನುಮಂತನಗರ, ಬೆಂಗಳೂರು